ಬೋಗಾಣಿಯ ತಳದ ನೀರು

೧೯೯೮ರ ಚಳಿಗಾಲದಲ್ಲಿ ನಾನು ಅಡುಗೆ ಅನಿಲ ಕಂಪನಿಯೊಂದರ ಫೀಲ್ಡ್ ಆಫೀಸರ್ ಆಗಿ ಸಾಂಗ್ಲಿಯಲ್ಲಿದ್ದೆ. ಜತ್ತ ತಾಲ್ಲೂಕಿನ ದೂರುಗಳೂ ನನ್ನ ಪಾಲಿಗೇ ಬರುತ್ತಿದ್ದವು. ಬಸ್ಸಿನಲ್ಲಿ ತಿರುಗಿ ತಿರುಗಿ ಮೈ ಹಣ್ಣಾಗಿತ್ತು. ಸಿಲಿಂಡರಿಗೆ ನೀರು ಬೆರೆಸುತ್ತಾರೆಂದು ತಿಕೋಂಡಿಯಿಂದ ದೂರು ಬಂದಾಗ, ಓದಿ ಬೇರೆ ಕಾಗದಗಳ ಕೆಳಗಿಟ್ಟೆ. ಹೋದದ್ದು ಹನ್ನೆರಡು ದಿನಗಳ ಮೇಲೆ.

ದೂರು ಕೊಟ್ಟವರು ಶಾಂತವ್ವ. ಅವರ ಮನೆಗೆ ಗ್ಯಾಸ್ ಬಂದು ತಿಂಗಳಾಗಿತ್ತಷ್ಟೆ. ಸಿಲಿಂಡರ್ ತಂದುಕೊಡುತ್ತಿದ್ದ, ದೂರಿನಲ್ಲಿ ಹೆಸರಿದ್ದ ದಸ್ತಗೀರ್ ಅವರನ್ನು ಏಜೆನ್ಸಿಯವರು ದೂರಿನ ಮರುದಿನವೇ ಕೆಲಸದಿಂದ ನಿಲ್ಲಿಸಿದ್ದರು. ಐವತ್ತು ದಾಟಿದ ಆ ಮನುಷ್ಯ ನಾನು ಬರುವ ಸುದ್ದಿ ಕೇಳಿ ಬಂದು ಬಾಗಿಲ ಹೊರಗೆ ನಿಂತಿದ್ದರು.

ಶಾಂತವ್ವ ತಣ್ಣೀರು ತುಂಬಿದ ಬೋಗಾಣಿಯನ್ನು ಒಲೆಯ ಮೇಲಿಟ್ಟು ಹಚ್ಚಿದರು. ಸ್ವಲ್ಪ ಹೊತ್ತಿಗೆ ತಳ ಬೆವರಿ ಹನಿಗಳು ಬರ್ನರಿಗೆ ಬಿದ್ದವು.

"ನೋಡ್ರಿ ಸಾಹೇಬ್ರ, ಬೋಗಾಣಿ ಸೋರೂದಿಲ್ಲ. ಈ ನೀರು ಎಲ್ಲಿಂದ ಬಂತು?"

"ಗ್ಯಾಸಿನಿಂದನ ಬಂತ್ರಿ, ಅಕ್ಕಾರ," ಎಂದೆ ನಾನು.

ದೂರು ನಿಜವಾಯಿತೆಂಬಂತೆ ಶಾಂತವ್ವ, ಅವರ ಗಂಡ, ನೆರೆದಿದ್ದ ಅಕ್ಕಪಕ್ಕದವರು ಎಲ್ಲರೂ ದಸ್ತಗೀರ್ ಕಡೆ ತಿರುಗಿದರು. ನಾನು ಅವಸರದಿಂದ ಮಾತು ಮುಂದುವರಿಸಿದೆ. ಗ್ಯಾಸಿನಲ್ಲಿರುವುದು ಕಾರ್ಬನ್ ಮತ್ತು ಹೈಡ್ರೋಜನ್. ಉರಿಯುವಾಗ ಹೈಡ್ರೋಜನ್ ಗಾಳಿಯ ಆಕ್ಸಿಜನ್ ಜೊತೆ ಸೇರಿ ನೀರಿನ ಆವಿಯಾಗುತ್ತದೆ; ತಣ್ಣನೆಯ ಪಾತ್ರೆ ತಗುಲಿದರೆ ಹನಿಯಾಗುತ್ತದೆ. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಲೆಕ್ಕ ಬರೆದೆ. ಪೂರ್ತಿ ಬ್ಯೂಟೇನ್ ಎಂದೇ ಹಿಡಿದರೆ, ೫೮ ಗ್ರಾಂ ಗ್ಯಾಸ್ ೨೦೮ ಗ್ರಾಂ ಆಕ್ಸಿಜನ್ ಎಳೆದುಕೊಂಡು ೧೭೬ ಗ್ರಾಂ ಕಾರ್ಬನ್ ಡೈಆಕ್ಸೈಡ್, ೯೦ ಗ್ರಾಂ ನೀರು ಕೊಡುತ್ತದೆ. ಎರಡೂ ಕಡೆ ಮೊತ್ತ ೨೬೬. ಹಾಗಾದರೆ ೧೪.೨ ಕಿಲೋ ಸಿಲಿಂಡರಿನಿಂದ ಸುಮಾರು ೨೨ ಕಿಲೋ ನೀರು.

ಶಾಂತವ್ವನ ಗಂಡ ನಕ್ಕರು. "ಹದಿನಾಲ್ಕು ಕಿಲೋದಾಗ ಇಪ್ಪತ್ತೆರಡು ಕಿಲೋ ಹೆಂಗ್ರಿ?"

"ಹೆಚ್ಚಿನ ತೂಕ ಗಾಳೀದ್ರಿ."

ಯಾರೂ ನಂಬಲಿಲ್ಲ. ಮೂಲೆಯಲ್ಲಿದ್ದ ಸೀಮೆಎಣ್ಣೆ ಸ್ಟೋವ್ ಹಚ್ಚಿಸಿ, ಬೋಗಾಣಿ ಒರೆಸಿ, ಮತ್ತೆ ತಣ್ಣೀರು ತುಂಬಿ ಇಡಿಸಿದೆ. ತಳ ಅದೇ ರೀತಿ ಬೆವರಿತು.

"ಇದ್ರಾಗೂ ದಸ್ತಗೀರ್ ನೀರು ಹಾಕ್ಯಾರೇನ್ರಿ?"

ಶಾಂತವ್ವನ ಮುಖ ಸಣ್ಣದಾಯಿತು. ಹೊರಗೆ ಬಂದು, "ತಪ್ಪಾತು ಅಣ್ಣಾ. ನಾಳಿಂದ ನೀವ ತಂದು ಕೊಡ್ರಿ," ಎಂದರು.

"ಇರ್ಲಿ ಬಿಡ್ರಿ ಅಕ್ಕಾರ. ಇಷ್ಟು ದಿವಸ ಕಳ್ಳ ಅನಿಸ್ಕೊಂಡೀನಿ. ಇನ್ನ ಯಾರ ಬಾಗ್ಲಿಗೂ ಸಿಲಿಂಡರ್ ಹೊರೂ ಮನಸಿಲ್ಲ," ಎಂದರು ದಸ್ತಗೀರ್. ನನ್ನ ಕಡೆ ನೋಡಲಿಲ್ಲ.

ಏಜೆನ್ಸಿಯವರು ಮತ್ತೆ ಕರೆದರೂ ಅವರು ಹೋಗಲಿಲ್ಲ. ಆ ಲೆಕ್ಕಕ್ಕೆ ಹಿಡಿದದ್ದು ಹತ್ತು ನಿಮಿಷ. ಆಮೇಲೆ ನಿವೃತ್ತಿಯವರೆಗೂ, ದೂರಿನಲ್ಲಿ ಒಬ್ಬ ಮನುಷ್ಯನ ಹೆಸರಿದ್ದರೆ, ಎಷ್ಟೇ ದಣಿದಿದ್ದರೂ ಮರುದಿನದ ಮೊದಲ ಬಸ್ಸಿಗೇ ಹೊರಡುತ್ತಿದ್ದೆ.