ದಾನಕ್ಕೆ ಹೋದ ನದಿ

ಅಪ್ಪನಿಗೆ ಹಳೆಯ ನಾಣ್ಯಗಳ ಹುಚ್ಚು. ಗೋಕುಲಂನ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ, ಯೋಗ ಕಲಿಯಲು ಬಂದ ಫ್ರೆಂಚ್ ಹೆಂಗಸು ಊರಿಗೆ ಹೊರಟಾಗ ಅಪ್ಪನಿಗೊಂದು ಬೆಳ್ಳಿಯ ಬಿಲ್ಲೆ ಕೊಟ್ಟಳು. ಹಿಂದೆ ಅವರ ರಾಜರ ಕಚೇರಿಗಳಲ್ಲಿ ಲೆಕ್ಕ ಹಾಕಲು ಬಳಸುತ್ತಿದ್ದದ್ದಂತೆ, ಹೆಸರು ಜೆಟಾನ್. ಅದರ ಮೇಲೊಬ್ಬ ಗಡ್ಡದ ಮುದುಕ ಜೊಂಡಿನ ನಡುವೆ ಒರಗಿ ಕೂತಿದ್ದ. ತೋಳಿನಡಿಯ ಕೊಡದಿಂದ ನೀರು ಹರಿಯುತ್ತಿತ್ತು. ಅವನೇ ನದಿ ದೇವರು. ನಮಗೆ ಕಾವೇರಿ ತಾಯಿ, ಅವರಿಗೆ ನದಿ ತಾತ ನೋಡು ಎಂದು ಅಪ್ಪ ನಗುತ್ತಿದ್ದರು.

ಕಡೆಯ ವರ್ಷ ಅಪ್ಪನ ಕಣ್ಣು ಮಂಜಾಯಿತು. ಬಿಲ್ಲೆಯನ್ನು ಕೈಗಿಟ್ಟರೆ ಹೆಬ್ಬೆರಳಿನಲ್ಲೇ ಗಡ್ಡ, ಕೊಡ, ನೀರು ಹುಡುಕುತ್ತಿದ್ದರು. ಪಕ್ಕದಲ್ಲಿ ಕೂತವಳು ನಾನು. ಅಲ್ಲೇ ಒಂಟಿಕೊಪ್ಪಲಿನಲ್ಲಿ ಮನೆ ಮಾಡಿದ್ದ ಅಣ್ಣನಿಗೆ ಬಂದು ಹೋಗಲು ಪುರುಸೊತ್ತಿರಲಿಲ್ಲ. ಬಿಲ್ಲೆ ನಿನಗೇ ಎಂದು ಅಪ್ಪ ಅವನೆದುರಿಗೇ ನನಗೆ ಹೇಳಿದ್ದರು.

ಅಪ್ಪ ಹೋದ ಮೇಲೆ, ಹನ್ನೊಂದನೆಯ ದಿನದ ದಶದಾನಕ್ಕೆ ಬೆಳ್ಳಿ ಬೇಕಾಯಿತು. ಎಲ್ಲರೂ ಅಂಗಡಿಯಿಂದ ಚಿಕ್ಕದೊಂದು ತುಂಡು ತಂದಿಡುತ್ತಾರೆ. ಅಣ್ಣನಿಗೆ ಅದಕ್ಕೂ ಸೋಮಾರಿತನ. ನಾನು ಅಡುಗೆಯವರ ಹಿಂದೆ ಓಡಾಡುತ್ತಿದ್ದಾಗ ಅಪ್ಪನ ಪೆಟ್ಟಿಗೆ ತೆಗೆದು, ಬಿಲ್ಲೆಯನ್ನು ತಟ್ಟೆಗೆ ಹಾಕಿ ಪುರೋಹಿತರಿಗೆ ಧಾರೆ ಎರೆದುಬಿಟ್ಟ.

"ಬೆಳ್ಳಿ ಬೆಳ್ಳಿನೇ ಕಣೇ. ಅಪ್ಪಂಗೇ ತಾನೆ ಸೇರೋದು?" ಎಂದ.

ನನಗೆ ಮೈಯೆಲ್ಲ ಉರಿದುಹೋಯಿತು. ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ ಅಂದುಕೊಳ್ಳೋಣವೆಂದರೆ, ಇವನಿಗೆ ಎಲ್ಲ ಗೊತ್ತಿತ್ತು.

ಮುಂದಿನ ವಾರ ಬದಲಿಗೆ ಬೇರೊಂದು ಬೆಳ್ಳಿ ನಾಣ್ಯ ಕೊಂಡು ಪುರೋಹಿತರ ಮನೆಗೆ ಹೋದೆ. ಅವರು ಬಿಲ್ಲೆಯನ್ನು ಹಾಗೇ ಇಟ್ಟಿದ್ದರು. ತಕರಾರಿಲ್ಲದೆ ನನ್ನ ಅಂಗೈಗೆ ಹಾಕಿ, "ನಂದೇನಿಲ್ಲ ತಾಯಿ, ತಗೊಂಡ್ಹೋಗಿ. ನಿಮ್ಮಮ್ಮನಿಗೊಂದು ಮಾತು ಹೇಳ್ಬಿಡಿ," ಎಂದರು.

ನನ್ನಿಂದ ಆಗದಿದ್ದದ್ದೇ ಅದು. ಕೊಟ್ಟ ದಾನ ಹಿಂದಕ್ಕೆ ಪಡೆದರೆ ಸತ್ತವರು ವೈತರಣಿಯ ನಡುನೀರಿನಲ್ಲೇ ನಿಂತುಬಿಡುತ್ತಾರೆಂದು ಅಮ್ಮ ನಂಬಿದ್ದಳು. ಅಣ್ಣ ಅದನ್ನೇ ಅವಳ ಕಿವಿಗೆ ಮತ್ತೆ ಮತ್ತೆ ಹಾಕಿದ್ದ. ನಾನು ಎಲ್ಲಿ ತಂದುಬಿಡುತ್ತೇನೋ ಎಂಬ ಭಯಕ್ಕೆ ಅವಳು ಸರಿಯಾಗಿ ಅನ್ನ ಮುಟ್ಟುತ್ತಿರಲಿಲ್ಲ. ಮುದುಕನ ಗಡ್ಡವನ್ನೊಮ್ಮೆ ಸವರಿ, ಬಿಲ್ಲೆಯನ್ನು ಪುರೋಹಿತರ ತಟ್ಟೆಗೇ ಇಟ್ಟು ಎದ್ದು ಬಂದೆ.

ಅಮ್ಮ ಬಾಗಿಲಲ್ಲೇ ಕಾಯುತ್ತಿದ್ದಳು.

"ತಂದ್ಬುಟ್ಯಾ?"

ಇಲ್ಲವೆಂದೆ.

ಆ ಮಧ್ಯಾಹ್ನ ಅಮ್ಮ ಹೊಟ್ಟೆ ತುಂಬ ಉಂಡಳು. ಬಡಿಸಿದವಳು ನಾನು. ಅವಳ ಮೇಲೂ ನನಗೆ ಸಿಟ್ಟು ಬಂದಿತ್ತು, ಇಂದಿಗೂ ಇಳಿದಿಲ್ಲ.