ಬೀಗತಿಯ ಒಣ ಬ್ರಶ್

ಬ್ರಹ್ಮಪುರದ ಜಗದೇವಿಗೆ ಜಳಕಕ್ಕಿಂತ ಜಳಕದ ಮುಂಚಿನ ಒಣ ಬ್ರಶ್ಶೇ ದೊಡ್ಡ ಪೂಜೆ. ಮೊಬೈಲಿನಲ್ಲಿ ನೋಡಿ ಕಲಿತ ಹಾಗೆ, ನೀರು ಎಣ್ಣೆ ಸೋಂಕಿಸದೆ ಅಂಗಾಲಿನಿಂದ ಎದೆಯ ಕಡೆಗೆ ಬ್ರಶ್ಶಿನಿಂದ ಮೈ ತಿಕ್ಕುತ್ತ, ಹೂವಿನವಳನ್ನೂ ಬಾಗಿಲಲ್ಲಿ ನಿಲ್ಲಿಸಿಕೊಂಡು, "ಸತ್ತ ಚರ್ಮ ಉದುರಬೇಕವ್ವಾ, ಆಗ ರಕ್ತ ಓಡತದ" ಎಂದು ಪಾಠ ಹೇಳುತ್ತಾಳೆ. ಕುದುರೆಗೆ ಮಾಲೀಸು ಮಾಡಿದಂಥ ಆ ಸದ್ದು ಓಣಿಯ ತುದಿಗೂ ಕೇಳುತ್ತದೆಂದು, ಮುಂಜಾನೆಯ ಬಸ್ಸಿಗೆ ಕಮಲಾಪುರದಿಂದ ಬರುವ ಬೀಗತಿ ಪುತಳಾಬಾಯಿ ಒಳಗೊಳಗೇ ನಗುತ್ತಾಳೆ. ಆಕೆ ಬರುವುದು ಮೊಮ್ಮಗಳನ್ನು ಕಾಲ ಮೇಲೆ ಮಲಗಿಸಿ ನೀರು ಎರೆಯಲು. ತನ್ನ ಸೊಸೆ ಸಪ್ನಾ ಬೌದ್ಧರಾದ ದಲಿತರ ಮನೆಯ ಮಗಳೆಂದು ಜಗದೇವಿ ಇದುವರೆಗೆ ಆ ಕೂಸನ್ನು ಮುಟ್ಟಿಲ್ಲ. ದೂರದಿಂದಲೇ ಚಿಟಿಕೆ ಹೊಡೆದು ಆಡಿಸುತ್ತಾಳೆ. "ಬೀಗತೇರ, ಒಮ್ಮೆರೆ ನಿಮ್ಮ ಕಾಲ ಮ್ಯಾಲ ಹಾಕ್ಕೊಂಡು ಎರೀರಲ್ಲ" ಎಂದು ಪುತಳಾಬಾಯಿ ಜಳಕದ ಮೊದಲು ಕೇಳಿದರೆ, "ಮೈ ಒಣಗ ಇರಬೇಕ್ರೀ, ಇನ್ನೂ ಬ್ರಶ್ ಆಗಿಲ್ಲ." ಜಳಕದ ನಂತರ ಕೇಳಿದರೆ, "ಅಯ್ಯ, ಈಗ ಜಳಕಾ ಆತಲ್ರೀ!" ಸಪ್ನಾ ಸಿಟ್ಟಾಗಿ, "ಬಿಡಬೇ ಯವ್ವಾ, ಯಾಕ ಕೇಳ್ತಿ?" ಎಂದರೂ ಪುತಳಾಬಾಯಿ ಬಿಡುತ್ತಿರಲಿಲ್ಲ. ಈ ಅಜ್ಜಿಯ ಕಾಲ ಮೇಲೆ ಒಮ್ಮೆಯೂ ಎರೆಸಿಕೊಳ್ಳದ ಕೂಸು ಈ ಮನೆಯದು ಎನಿಸುವುದಾದರೂ ಹೇಗೆ? ಮೊನ್ನೆ ಕೂಸು ಯಾರೂ ಹಿಡಿಯದೆ ಬಚ್ಚಲಲ್ಲಿ ತಾನೇ ಕೂತು ನೀರು ಬಡಿಯತೊಡಗಿತು. ಇನ್ನು ಅದನ್ನು ಕಾಲ ಮೇಲೆ ಮಲಗಿಸಿ ಎರೆಯುವ ದಿನಗಳು ಮುಗಿದವು. ಪುತಳಾಬಾಯಿಗೆ ಕೇಳಲು ಏನೂ ಉಳಿಯಲಿಲ್ಲ.