ಹಗೇವಿನ ಬಾಯಿಕಲ್ಲು ಎಲ್ಲಿಯದೆಂದು ನೋಡಿ ಬಂದದ್ದು

ಶನಿವಾರ ಮಧ್ಯಾಹ್ನ ಹನ್ನೆರಡೂವರೆಯ ಬಸ್ಸಿಗೆ ನಾವು ಮೂವರು ಹೆಂಗಸರು ಊರು ಬಿಟ್ಟೆವು. ನಾನು, ನನ್ನ ನೆಗೆಣ್ಣಿ ನಿಂಗವ್ವ ಅಂದರೆ ನಿಮ್ಮ ಸಣ್ಣಜ್ಜಿ, ಮತ್ತು ನಮ್ಮೂರ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುವ ಶಾರದಾ ಅಕ್ಕೋರು. ಪಲ್ಲವಿ, ಕಿರಣ, ಅಜ್ಜಿ ಹೊಲ ಮತ್ತು ಕುಷ್ಟಗಿಯ ಸಂತೆ ಬಿಟ್ಟರೆ ಬೇರೇನೂ ಕಂಡವಳಲ್ಲ ಎಂದು ನೀವು ನಗುತ್ತಿದ್ದಿರಲ್ಲ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಊರ ಸಾಲೆಯಲ್ಲಿ ನಾಲ್ಕನೆಯ ಇಯತ್ತೆ ಮುಗಿಸಿದ ಕೈ. ತಪ್ಪಿದ್ದಲ್ಲಿ ತಿದ್ದಿಕೊಂಡು ಓದಿ.

ಹೋಗಲು ಕಾರಣ ನಮ್ಮ ಅಂಗಳದ ಒಂದು ಕಲ್ಲು. ನಿಮ್ಮ ಸಣ್ಣಜ್ಜ ಶಿವಪ್ಪ ಮನೆಯ ಮುಂದೆ ಹೊಸ ಕಟ್ಟೆ ಕಟ್ಟಿಸಲು ಅಂಗಳ ಅಗೆಸಿದಾಗ ಹಳೆಯ ಹಗೇವಿನ ಬಾಯಿ ತೆರೆದುಕೊಂಡಿತು. ಹಗೇವು ನೀವು ನೋಡಿಲ್ಲ. ಜೋಳ ತುಂಬಿಡಲು ಗಟ್ಟಿ ನೆಲದಲ್ಲಿ ತೋಡಿದ ಕಣಜ ಅದು. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ನಮ್ಮದರ ಬಾಯಿಗೆ ಒಂದು ಅಗಲವಾದ ಚಪ್ಪಡಿ ಇತ್ತು. ಅದರ ನಡುವೆ ಒಬ್ಬರು ನುಸುಳುವಷ್ಟು ದುಂಡನೆಯ ತೂತು. ಆ ಚಪ್ಪಡಿಯನ್ನು ಎರಡು ಹೋಳು ಮಾಡಿ ಕಟ್ಟೆಗೆ ಮೆಟ್ಟಿಲು ಮಾಡಬೇಕೆಂದು ಶಿವಪ್ಪ ಸೋಮವಾರಕ್ಕೆ ಕಲ್ಲುಕುಟಿಗ ಮಲ್ಲಪ್ಪನಿಗೆ ಹೇಳಿದ್ದ.

ಅಷ್ಟರಲ್ಲಿ ಅಕ್ಕೋರು ಮನೆಗೆ ಬಂದವರು ಆ ತೂತಿನ ಅಂಚಿನ ಸುತ್ತ ಬೆರಳಾಡಿಸಿ, "ಅವ್ವಾರ, ಇದು ಹಗೇವಿಗಂತ ಕಡದ ಕಲ್ಲಲ್ಲ ಅನಸ್ತೈತ್ರಿ. ಹಿರೇಬೆಣಕಲ್ ಗುಡ್ಡದಾಗ ಇಂಥಾವು ಅದಾವ. ಒಡಸೂಕಿಂತ ಮೊದ್ಲ ಒಮ್ಮೆ ನೋಡಿ ಬರೂಣ ಬರ್ರಿ" ಎಂದರು. ಶಿವಪ್ಪ ನಕ್ಕು, "ನೋಡಿ ಬರ್ರಿ, ಯಾರು ಬ್ಯಾಡ ಅಂತಾರ? ಸೋಮವಾರ ಎಂಟಕ್ಕ ಮಲ್ಲಪ್ಪ ಬರ್ತಾನ, ಅಷ್ಟು ನೆಪ್ಪಿರ್ಲಿ" ಎಂದ. ಆ ಮನೆಯಲ್ಲಿ ನಾನು ಯಾವತ್ತೂ ಯಾವುದಕ್ಕೂ ಬೇಡ ಎಂದವಳಲ್ಲ. ಆದರೆ ಕಲ್ಲು ಒಡೆದ ಮೇಲೆ ಕೂಡುವುದಿಲ್ಲ. ಹೋಗಿ ನೋಡಿದರೆ ಒಂದು ಮಾತು ಹೇಳುವ ಧೈರ್ಯ ಬಂದೀತೆಂದು ಹೊರಟೆ.

ಕುಷ್ಟಗಿಯಲ್ಲಿ ಯಲಬುರ್ಗಾ ಮೇಲೆ ಕೊಪ್ಪಳಕ್ಕೆ ಹೋಗುವ ಬಸ್ಸು ಸಿಕ್ಕಿತು. ಸುತ್ತು ದಾರಿ, ಆದರೆ ಕೂರಲು ಜಾಗವಿತ್ತು. ಆಧಾರ್ ಕಾರ್ಡು ತೋರಿಸಿದೆವು, ಕಂಡಕ್ಟರ್ ಮೂರು ಶೂನ್ಯದ ಟಿಕೆಟು ಹರಿದು ಕೊಟ್ಟ. ಅಕ್ಕೋರ ಮಡಿಲಲ್ಲಿ ಸಾಲೆಯ ಪುಸ್ತಕವಿತ್ತು. ಸಾಮ್ರಾಜ್ಯ, ಧರ್ಮ, ರಾಜಪ್ರಭುತ್ವ, ಪ್ರಜಾಪ್ರಭುತ್ವ ಎಂದು ಒಂದೊಂದು ಪುಟದ ತಲೆಯ ಮೇಲೆ ದಪ್ಪ ಅಕ್ಷರ. ನೀವು ಫೋನಿನಲ್ಲಿ ನನಗೆ ಬಾಯಿಪಾಠ ಒಪ್ಪಿಸುತ್ತೀರಲ್ಲ, ಅವೇ ಪದಗಳು.

"ರಾಜಪ್ರಭುತ್ವ ಅಂದ್ರ ಏನ್ರಿ ಅಕ್ಕೋರ?" ಎಂದು ನಿಂಗವ್ವ ಕೇಳಿದಳು.

"ಒಬ್ಬರು ಹೇಳೂದು, ಉಳದವರು ಕೇಳೂದು. ಅವರು ಹ್ವಾದ ಮ್ಯಾಲ ಅವರ ಮಗ ಹೇಳೂದು."

"ಹಂಗಾರ ಅದು ನಮ್ಮತ್ತೀದು ಬಿಡ್ರಿ. ಕೀಲಿಕೈ ನಡಕ್ಕ ಸಿಗಿಸ್ಕೊಂಡು ನಲವತ್ತು ವರ್ಷ ಆಳ್ಯಾಳ. ನಿಜಾಮ ಹ್ವಾದ್ರೂ ಆಕಿ ಹೋಗಲಿಲ್ಲ."

ಮುಂದಿನ ಸೀಟಿನ ಮುದುಕ ತಿರುಗಿ, "ಪ್ರಜಾಪ್ರಭುತ್ವ ಬಂದ ಮ್ಯಾಲ ಏನಾತವಾ ನಿಮ್ಮನ್ಯಾಗ?" ಎಂದ. "ಕೀಲಿಕೈ ನನ್ನ ಗಂಡನ ಕಿಸೇದಾಗ ಹೋತು" ಎಂದಳು ನಿಂಗವ್ವ. ಬಸ್ಸೆಲ್ಲ ನಕ್ಕಿತು. ನಾನು ಸೆರಗು ಬಾಯಿಗೆ ಹಿಡಿದು ನಕ್ಕೆ.

ಯಲಬುರ್ಗಾದ ಹೊಲಗಳಲ್ಲಿ ಬಿಳಿಜೋಳ ಕಿತ್ತು ಸಾಲಾಗಿ ಹಾಕಿದ್ದರು. ಬೇಸಿಗೆಯ ಬಿಸಿಲು ಇನ್ನೂ ಬಲಿತಿರಲಿಲ್ಲ. ನಾಲ್ಕರ ಸುಮಾರಿಗೆ ಕೊಪ್ಪಳ ಮುಟ್ಟಿದೆವು. ಬಸ್ ಸ್ಟ್ಯಾಂಡಿನ ಹತ್ತಿರ ಮಂಡಾಳು ಒಗ್ಗರಣೆ, ಮಿರ್ಚಿ ತಿಂದು ಆಟೊ ಹಿಡಿದು ಗವಿಮಠದ ಗುಡ್ಡದ ಬುಡಕ್ಕೆ ಹೋದೆವು. ಹಿರೇಬೆಣಕಲ್ಲಿಗೆ ಹೋಗುವ ಮೊದಲು ಅಲ್ಲಿಯ ಬಂಡೆಯ ಬರಹ ತೋರಿಸುತ್ತೇನೆ, ಇಳಿಹೊತ್ತಿಗೇ ಹೋಗಬೇಕು ಎಂದು ಅಕ್ಕೋರು ಅವಸರ ಮಾಡಿದ್ದರು. ನಡುನೆತ್ತಿಯ ಬಿಸಿಲಿನಲ್ಲಿ ಆ ಅಕ್ಷರಗಳು ಕಣ್ಣಿಗೆ ಹತ್ತುವುದಿಲ್ಲವಂತೆ, ಓರೆ ಬಿಸಿಲು ಬಿದ್ದರೆ ಏಳುತ್ತವಂತೆ.

ಹಾಗೇ ಆಯಿತು. ಕೊಡೆಯ ಹಾಗೆ ಚಾಚಿಕೊಂಡ ಬಂಡೆಯ ನೆರಳಿನಲ್ಲಿ ಕಲ್ಲಿನ ಮೇಲೆ ಮೊದಲು ನನಗೆ ಕಂಡದ್ದು ಬರೀ ಗೀರು. ಬಿಸಿಲು ಓರೆಯಾದಂತೆ ಗೀರುಗಳು ಸಾಲಾದವು, ಸಾಲುಗಳು ಅಕ್ಷರವಾದವು. ಒಂದೂ ನನಗೆ ಬರುವ ಅಕ್ಷರವಲ್ಲ. ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಿಂದೆ ಅಶೋಕ ಚಕ್ರವರ್ತಿ ಬರೆಸಿದ್ದೆಂದು ಅಕ್ಕೋರು ಹೇಳಿದರು. ಅವನಿದ್ದದ್ದು ಗಂಗಾ ನದಿಯ ದಂಡೆಯ ಪಾಟಲಿಪುತ್ರದಲ್ಲಿ. ಅವನೇ ಇಲ್ಲಿಗೆ ಬಂದಿದ್ದನೆಂದು ಯಾರೂ ಹೇಳುವುದಿಲ್ಲ. ಅವನ ಮಾತು ಬಂದಿದೆ. ಯಾರೋ ನಡೆದು ಬಂದಿದ್ದಾರೆ, ಯಾರೋ ಬಿಸಿಲಿನಲ್ಲಿ ಕೂತು ಕಡೆದಿದ್ದಾರೆ. ಎಷ್ಟು ಹೊಳೆ ದಾಟಿದರೋ, ಎಷ್ಟು ಜೋಡು ಕೆರ ಹರಿದವೋ! ಸಾಮ್ರಾಜ್ಯ ಎಂಬ ಪದವನ್ನು ನೀವು ಹತ್ತು ಸಲ ಹೇಳಿದಾಗಲೂ ತಿಳಿಯದ್ದು ಆ ಬಂಡೆಯ ಮುಂದೆ ತಿಳಿಯಿತು. ಕಾಣದ ದೊರೆಯ ಮಾತು ಕೊಪ್ಪಳದ ಗುಡ್ಡದಲ್ಲಿ ಕೂತು ಕಾಯುತ್ತದೆ ಎಂದರೆ ಅದು ಸಾಮ್ರಾಜ್ಯ.

"ಏನಂತ ಬರಸ್ಯಾನ್ರಿ? ಕಂದಾಯದ್ದಾ?" ಎಂದಳು ನಿಂಗವ್ವ.

"ಅಲ್ರಿ. ಒಳ್ಳೇದು ಆಗೂದು ದೊಡ್ಡವರಿಗಷ್ಟ ಅಲ್ಲ, ಸಣ್ಣವರೂ ಮನಸಿಟ್ಟು ದುಡದ್ರ ಅವರಿಗೂ ಸಿಗ್ತೈತಿ ಅನ್ನೂ ಅರ್ಥ ಐತಿ."

ನಿಂಗವ್ವ ಬಗ್ಗಿ ಬಂಡೆಗೆ ಕೈ ಮುಗಿದಳು. ಅದೇ ಒಂದು ಸೋಜಿಗ.

ಎದುರಿಗೆ ಪಾಲ್ಕಿಗುಂಡು ಎಂಬ ಗುಡ್ಡ. ಎರಡು ಬಂಡೆಯ ಮೇಲೆ ಒಂದು ಬಂಡೆ ಪಲ್ಲಕ್ಕಿಯಂತೆ ಕೂತಿದೆ. ಅಲ್ಲಿ ಜೈನ ಮುನಿಗಳೊಬ್ಬರ ಜೋಡಿ ಪಾದ ಕಡೆದಿದ್ದಾರಂತೆ. ಅನ್ನ ನೀರು ಬಿಟ್ಟು ದೇಹ ಇಳಿಸಿದವರು ಈ ಗುಡ್ಡಗಳಲ್ಲಿ ಎಷ್ಟೋ ಮಂದಿಯಂತೆ. ಕೆಳಗೆ ಮಠದಲ್ಲಿ ಗಂಟೆ ಹೊಡೆಯಿತು. ಊರ ಕಡೆಯಿಂದ ಸಂಜೆಯ ಬಾಂಗ್ ಕೇಳಿತು. ನಾನಿದ್ದದ್ದು ಬುದ್ಧನನ್ನು ನಂಬಿದ ದೊರೆಯ ಬಂಡೆಯ ಬಳಿ. ಧರ್ಮ ಎಂಬುದು ನಿಮ್ಮ ಪುಸ್ತಕದಲ್ಲಿ ಒಂದು ಪದ. ಅದರ ಹೆಸರಿನಲ್ಲಿ ಎಷ್ಟು ಕಾಲುಗಳು ಈ ಬಂಡೆಗಳನ್ನು ಹತ್ತಿವೆ ಎಂದು ನೆನೆದೆ. ಆ ರಾತ್ರಿ ನಿಂಗವ್ವನ ತಂಗಿಯ ಮನೆಯಲ್ಲಿ ಉಂಡು ಮಲಗಿದೆವು.

ಭಾನುವಾರ ಬೆಳಿಗ್ಗೆ ಆರಕ್ಕೇ ಗಂಗಾವತಿಯ ಬಸ್ಸು ಹತ್ತಿದೆವು. ಮುಂದೆ ಮುಂದೆ ಹೋದಂತೆ ಕಾಲುವೆಯ ನೀರು, ನಾಟಿ ಮಾಡಿದ ಗದ್ದೆಯ ಹಸಿರು. ನಮ್ಮ ಕುಷ್ಟಗಿಯ ಕಡೆಯ ಕಣ್ಣಿಗೆ ಅದು ಬೇರೆ ದೇಶ. ಹಿರೇಬೆಣಕಲ್ಲಿನಲ್ಲಿ ಇಳಿದಾಗ ಆಡು ಹೊಡೆದುಕೊಂಡು ಹೊರಟಿದ್ದ ಯಂಕಪ್ಪನೆಂಬ ಮುದುಕ ಸಿಕ್ಕ. ದಾರಿ ತೋರಿಸಲು ಒಪ್ಪಿದ.

"ಯವ್ವಾ, ಮ್ಯಾಲ ಮೋರೇರ ಮನಿ ಅದಾವ. ಮೋರೇರಂದ್ರ ಮೊಣಕಾಲುದ್ದದ ಮಂದಿ. ಬೆಂಕಿ ಮಳಿ ಬಂದು ಎಲ್ಲಾರೂ ಸತ್ರು ಅಂತಾರ" ಎಂದ.

"ಮೊಣಕಾಲುದ್ದದವ್ರು ಅಷ್ಟು ದೊಡ್ಡ ಕಲ್ಲು ಹ್ಯಾಂಗ ಎತ್ತಿದ್ರೋ ಯಣ್ಣಾ?" ಎಂದಳು ನಿಂಗವ್ವ.

"ನಾ ಎತ್ತೂಮುಂದ ನೋಡಿಲ್ಲ ತಂಗಿ."

ಬಂಡೆಗಳ ನಡುವೆ ಎರಡು ತಾಸು ಹತ್ತಿದೆವು. ದಾರಿಯಲ್ಲಿ ಒಂದು ದೊಡ್ಡ ಗುಂಡುಕಲ್ಲಿತ್ತು. ಯಂಕಪ್ಪ ಕೈಗಲ್ಲಿನಿಂದ ಬಡಿದಾಗ ನಗಾರಿಯ ಹಾಗೆ ಗುಂಯ್‌ಗುಟ್ಟಿ ಆ ಸದ್ದು ಕಣಿವೆಯಾಚೆ ಹೋಯಿತು. ಆಡುಗಳು ಕಿವಿಯೆತ್ತಿ ನಿಂತವು.

ಆಮೇಲೆ ಮೇಲಿನ ಬಯಲು ಬಂತು. ಮಕ್ಕಳೇ, ಅದನ್ನು ಹೇಗೆ ಹೇಳಲಿ? ಊರಿಗೆ ಊರೇ. ಒಂದೊಂದು ಮನೆಗೂ ಗೋಡೆಗೆ ನಿಲ್ಲಿಸಿದ ಚಪ್ಪಡಿಗಳು, ಮಾಡಿಗೆ ಒಂದು ಚಪ್ಪಡಿ. ಕೆಲವು ನನಗಿಂತ ಎತ್ತರ, ಕೆಲವು ಬಿದ್ದಿವೆ. ನೂರಾರು ಇವೆ. ಗಾಳಿ ಬಿಟ್ಟರೆ ಸದ್ದಿಲ್ಲ. ಯಾರದೋ ಓಣಿಗೆ ಹೇಳದೆ ಬಂದವರ ಹಾಗೆ ನಾವು ಮೆಲ್ಲಗೆ ಹೆಜ್ಜೆ ಇಟ್ಟೆವು. ಒಂದು ಮನೆಯ ಮುಂದಿನ ಚಪ್ಪಡಿಯಲ್ಲಿ ದುಂಡನೆಯ ತೂತು ಕಂಡು ನನ್ನ ಕಾಲು ನಿಂತಿತು.

ಕೈಯಿಂದ ಅಳೆದೆ. ಒಂದು ಮೊಳ, ಮೇಲೆ ನಾಲ್ಕು ಬೆರಳು. ನಮ್ಮ ಹಗೇವಿನ ಬಾಯಿಯೂ ಒಂದು ಮೊಳ ನಾಲ್ಕು ಬೆರಳು. ಅದನ್ನು ಮರೆಯುವಂತಿಲ್ಲ. ನಾನು ಸೊಸೆಯಾಗಿ ಬಂದಾಗ ಮನೆಯಲ್ಲಿ ಎಲ್ಲರಿಗಿಂತ ತೆಳ್ಳಗಿದ್ದೆ. ಹಗೇವು ತೆಗೆದ ದಿನ ಅದನ್ನು ಗಾಳಿಗೆ ಬಿಟ್ಟು, ಮರುದಿನ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡುತ್ತಿದ್ದರು. ದೀಪ ಆರಿದರೆ ಒಳಗೆ ಕೆಟ್ಟ ಗಾಳಿ, ಯಾರೂ ಇಳಿಯಬಾರದು. ಉರಿದರೆ ನನ್ನನ್ನು ಇಳಿಸುತ್ತಿದ್ದರು. ಮೊದಲು ಒಂದು ಕೈ ತಲೆಯ ಮೇಲೆ ಎತ್ತಬೇಕು, ಒಂದು ಭುಜ ತೂರಿಸಿ ಆಮೇಲೆ ಇನ್ನೊಂದು. ಹನ್ನೊಂದು ವರ್ಷ ಹಾಗೆ ಇಳಿದು ಬುಟ್ಟಿ ತುಂಬಿ ಮೇಲೆ ಕೊಟ್ಟಿದ್ದೇನೆ.

ಅದನ್ನೇ ಅಕ್ಕೋರಿಗೆ ಹೇಳಿದೆ. "ಅಕ್ಕ ಇಳೀತಿದ್ಲು ಖರೆ. ನನ್ನ ಇಳಿಸಿದ್ರ ಮುಚ್ಚೂ ಕಲ್ಲೇ ಬೇಕಾಗ್ತಿರಲಿಲ್ಲ" ಎಂದು ನಿಂಗವ್ವ ತನ್ನ ಸೊಂಟ ತಟ್ಟಿಕೊಂಡಳು.

ಅಕ್ಕೋರು ನಗಲಿಲ್ಲ. "ಅವ್ವಾರ, ಖಾತ್ರಿ ಹೇಳೂದು ಬಲ್ಲವರ ಕೆಲಸ. ಆದ್ರ ನಿಮ್ಮ ಕಲ್ಲೂ ಇಂಥಾದ್ದ ಯಾವುದೋ ಗುಡ್ಡದಿಂದ ಬಂದಿರಬೇಕು ಅನಸ್ತೈತಿ. ಇವು ಇರೂ ಮನಿ ಅಲ್ರಿ. ಸತ್ತವರಿಗೆ ಕಟ್ಟಿದ್ದು."

ನಿಂಗವ್ವ ಕೂತಲ್ಲಿಂದ ಎದ್ದೇ ಬಿಟ್ಟಳು. "ಹೆಣದ ಬಾಗಲಾ? ಅಯ್ಯ ಶಿವನ! ಆ ಬಾಗಲದಾಗಿನ ಜೋಳಾ ಉಂಡೀವಾ ನಾವು? ಇವತ್ತ ಮನಿಗೆ ಹೋಗಿ ಅದನ್ನ ಹಳ್ಳಕ್ಕ ಒಗಸ್ತೀನಿ."

ಅಕ್ಕೋರ ಮುಖ ಸಣ್ಣದಾಯಿತು. ಕಲ್ಲು ಉಳಿಸಲೆಂದು ಅಷ್ಟು ದೂರ ಕರೆತಂದಿದ್ದರು. ಈಗ ಅದು ಬರಿಯ ಕಲ್ಲೆಂದರೆ ಮಲ್ಲಪ್ಪ ಒಡೆಯುತ್ತಾನೆ, ಸತ್ತವರದೆಂದರೆ ಹಳ್ಳ ಸೇರುತ್ತದೆ. ಗಂಡ ಹೋದ ಮೇಲೆ ಮದುವೆಯ ಮನೆಗಳಲ್ಲಿ ತಾನಾಗಿ ಒಂದು ಹೆಜ್ಜೆ ಹಿಂದೆ ಸರಿದು ನಿಲ್ಲುವುದು ನನಗೆ ರೂಢಿ. ಕಲ್ಲಿನ ಗತಿ ನನಗೆ ಬೇಗ ತಿಳಿಯಿತು.

"ಇದನ್ನ ಯಾವ ರಾಜ ಕಟ್ಟಿಸ್ಯಾನ್ರಿ?" ಎಂದು ಕೇಳಿದೆ.

"ರಾಜನ ಹೆಸರಿಲ್ಲ. ಅಕ್ಷರನೂ ಇಲ್ಲ. ಅಶೋಕನಕಿಂತ ಹಿಂದಿನವು ಇರಬೇಕು ಅಂತಾರ."

"ದೇವರು?"

"ಯಾವ ದೇವರಿಗೆ ಕೈ ಮುಗೀತಿದ್ರೋ ಅದೂ ಗೊತ್ತಿಲ್ರಿ."

ನಿನ್ನೆ ದೊರೆಯ ಮಾತಿನ ಮುಂದೆ ನಿಂತಾಗ ಅದಕ್ಕಿಂತ ದೊಡ್ಡದಿಲ್ಲ ಅನ್ನಿಸಿತ್ತು. ಇಲ್ಲಿ ನಿಮ್ಮ ಪುಸ್ತಕದ ಆ ದಪ್ಪ ಪದಗಳಲ್ಲಿ ಯಾವುದು ಹೊಂದುತ್ತದೋ ಯಾರಿಗೂ ತಿಳಿಯದು. ಆದರೂ ನಾಲ್ಕು ಮಂದಿಯ ಕೈಲಾಗದ ಚಪ್ಪಡಿಗಳನ್ನು ಸೀಳಿ, ಎಳೆದು ತಂದು, ನಿಲ್ಲಿಸಿದ್ದಾರೆ. ಹೋದವರನ್ನು ಹೊರಗೆ ಎಸೆಯದೆ ಮನೆ ಕೊಟ್ಟಿದ್ದಾರೆ. ಮನೆಗೆ ಬಾಗಿಲನ್ನೂ ಇಟ್ಟಿದ್ದಾರೆ. ಆ ತೂತಿನ ಅಂಚಿಗೆ ಹಣೆ ಹಚ್ಚಿದೆ. ಕಲ್ಲು ತಣ್ಣಗಿತ್ತು.

ಗಂಗಾವತಿಗೆ ಹೋಗಿ ಅನ್ನ ಸಾರು ಉಂಡು, ಮೂರರ ಬಸ್ಸಿಗೆ ಕುಷ್ಟಗಿಯ ದಾರಿ ಹಿಡಿದೆವು. ಅಕ್ಕಿ ಗಿರಣಿಗಳ ಹೊಟ್ಟಿನ ಧೂಳು ಊರ ಹೊರಗಿನವರೆಗೂ ಬಂತು. ಮನೆ ಮುಟ್ಟಿ ಚಪ್ಪಲಿ ಬಿಡುವ ಮೊದಲೇ ನಿಂಗವ್ವ ಎಲ್ಲವನ್ನೂ ಗಂಡನಿಗೆ ಹೇಳಿದಳು.

ಸೋಮವಾರ ಎಂಟಕ್ಕೆ ಮಲ್ಲಪ್ಪ ಸುತ್ತಿಗೆ, ಉಳಿ ತಂದ. ಶಿವಪ್ಪ, "ಒಡಿಯೂದು ಬ್ಯಾಡೋ. ಹೊಸಾ ಕಟ್ಟಿಗೆ ಹೆಣದ ಕಲ್ಲು ಹಚ್ಚಬಾರ್ದು. ಟ್ರ್ಯಾಕ್ಟರ್‌ಗೆ ಹಾಕಿ ಹಳ್ಳಕ್ಕ ಚೆಲ್ಲಿ ಬಾ" ಎಂದ. ಮಲ್ಲಪ್ಪ ಹಾರೆ ತೆಗೆದುಕೊಂಡ.

ನಾನು ಬಾಗಿಲಿನ ಹಿಂದೆ ನಿಂತಿದ್ದೆ. ಹೊರಗೆ ಬಂದು ಕಲ್ಲಿನ ಪಕ್ಕ ನಿಂತೆ.

"ಶಿವಪ್ಪಾ, ಇದರಾಗ ನಾ ಹನ್ನೊಂದು ವರ್ಷ ಇಳಿದೀನಿ. ಇದು ಮನ್ಯಾಗ ಇರಬಾರ್ದು ಅಂದ್ರ ನಾನೂ ಇರಬಾರ್ದು."

ಮಲ್ಲಪ್ಪನ ಹಾರೆ ನಿಂತಿತು. ಶಿವಪ್ಪ ನನ್ನನ್ನು ಹೊಸಬಳನ್ನು ನೋಡುವಂತೆ ನೋಡಿ, "ಅತ್ತಿಗಿ, ನಿನಗ್ಯಾರು ಏನಂದ್ರು? ನಾ ಕಲ್ಲಿಗೆ ಅಂದೆ" ಎಂದ.

ಆಗ ನಿಂಗವ್ವ ಒಳಗಿಂದ ಬಂದಳು. ಹಳ್ಳಕ್ಕೆ ಎಸೆಯಲು ಹೇಳಿದವಳೇ ಅವಳು, ಇನ್ನಷ್ಟು ಬೈಯುತ್ತಾಳೆಂದುಕೊಂಡೆ. ಅವಳು ಗಂಡನ ಕಡೆ ತಿರುಗಿ, "ಅಕ್ಕ ಇಳಿದು ಕೊಟ್ಟ ಜೋಳದ ರೊಟ್ಟಿ ತಿಂದ ಈ ಮೈ ಬೆಳದೈತಿ, ನಿಮ್ಮದೂ, ನಂದೂ. ಕಲ್ಲು ಹಳ್ಳಕ್ಕ ಒಗೀತೀರಿ, ಮೈಯೇನ್ ಮಾಡ್ತೀರಿ?" ಎಂದಳು.

ಶಿವಪ್ಪ ಕಲ್ಲಿನಿಂದ ಮನೆಯ ಗೋಡೆಯವರೆಗೆ ಹೆಜ್ಜೆ ಅಳೆದ. ಕೊನೆಗೆ, "ಮಲ್ಲಪ್ಪಾ, ಕಟ್ಟಿ ಮೂರು ಮೊಳ ಒಳಗ ತಗೋ. ಮೆಟ್ಟಲಿಗೆ ಬ್ಯಾರೆ ಕಲ್ಲು ತರೂಣ" ಎಂದು ಹೊಲಕ್ಕೆ ಹೋದ.

ಕಟ್ಟೆ ಈಗ ಗಿಡ್ಡವಾಗಿದೆ, ನಾಲ್ವರು ಕೂತರೆ ಐದನೆಯವರಿಗೆ ಜಾಗವಿಲ್ಲ. ಅಮಾವಾಸ್ಯೆಯ ದಿನ ಓಣಿಯ ಕೆಲವರು ನಮ್ಮ ಅಂಗಳ ತುಳಿಯುವುದಿಲ್ಲ. ಕಲ್ಲು ಇದ್ದಲ್ಲೇ ಇದೆ. ರಜೆಗೆ ಬಂದಾಗ ಹೆದರಬೇಡಿ. ಹಗೇವಿಗೆ ಮಣ್ಣು ತುಂಬಿಸಿದ್ದಾರೆ, ಒಳಗೆ ಬೀಳುವ ಭಯವಿಲ್ಲ. ತೂತಿನ ಅಂಚನ್ನು ಮುಟ್ಟಿ ನೋಡಿ. ಅಂಗೈಯಷ್ಟು ನಯವಾಗಿದೆ. ಅರ್ಧ ನಯ ಅದನ್ನು ಕಡೆದವರದು. ಉಳಿದರ್ಧ ನಿಮ್ಮ ಮನೆಯ ಹೆಂಗಸರು ಇಳಿದು ಹತ್ತಿ ಮಾಡಿದ್ದು.